ಉಳಿದ ಬೋಲ್ಟು ಯಾವುದರದ್ದು?

ರಿಪೇರಿ ಮುಗಿದ ಮೇಲೆ ಗ್ಯಾರೇಜಿನ ಹುಡುಗ ಅಂಗೈಯಲ್ಲಿ ಒಂದು ಬೋಲ್ಟು ತೋರಿಸಿ ನಕ್ಕ. ‘ಇದೊಂದು ಉಳೀತು ಅಣ್ಣಾ. ಗಾಡಿ ಓಡ್ತದೆ, ಏನಾಗಲ್ಲ ಬಿಡಿ.’ ಕಂಪನಿಯವರು ಬೋಲ್ಟನ್ನು ಕೊಸರು ಹಾಕಿ ಕಳಿಸುವುದಿಲ್ಲ ಅಂತ ಗೊತ್ತಿದ್ದೂ ನಾವೂ ನಕ್ಕು, ಅದನ್ನು ಜೇಬಿಗೆ ಹಾಕಿಕೊಂಡು ಬಂದೆವು. ಮೂರನೇ ದಿನ ಸುದ್ದಿಗೆ ಹೋಗಿ ಬರುವಾಗ ಬಲಗಾಲಿನ ಪ್ಯಾಂಟೆಲ್ಲ ಎಣ್ಣೆ. ಇಂಜಿನ್ ಕವರಿನ ಅಂಚಿನಿಂದ ಆಯಿಲ್ ಸೋರಿ ಹಿಂದಿನ ಟೈರಿಗೂ ಹತ್ತಿತ್ತು. ತಿರುವಿನಲ್ಲಿ ಗಾಡಿ ಒಮ್ಮೆ ಜಾರಿದ್ದಕ್ಕೆ ನಾವು ಮಳೆಯನ್ನು ಬೈದಿದ್ದೆವು.

ಆ ಕವರಿನ ಬೋಲ್ಟುಗಳು ತಲೆ ನೋಡಿದರೆ ಒಂದೇ, ಉದ್ದ ಬೇರೆ ಬೇರೆ. ಉದ್ದನೆಯದನ್ನು ಗಿಡ್ಡ ತೂತಿಗೆ ಹಾಕಿದರೆ ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ಅನಿಸುತ್ತದೆ, ಕವರು ಮಾತ್ರ ಕೂತಿರುವುದಿಲ್ಲ. ಇನ್ನೂ ತಿರುವಿದರೆ ಅಲ್ಯೂಮಿನಿಯಂ ಬಾಡಿ ಸೀಳಬಹುದು. ಗಿಡ್ಡದನ್ನು ಉದ್ದ ತೂತಿಗೆ ಹಾಕಿದರೆ ಎರಡು ಸುತ್ತು ಹಿಡಿದು, ಆಮೇಲೆ ಥ್ರೆಡ್ಡೇ ಕಿತ್ತು ಬರುತ್ತದೆ. ನಮ್ಮೂರ ಹಳೆಯ ಮೇಸ್ತ್ರಿಯೊಬ್ಬರು ರಟ್ಟಿನ ಮೇಲೆ ಕವರಿನ ಆಕಾರ ಗೀಚಿ, ಬಿಚ್ಚಿದ ಬೋಲ್ಟನ್ನು ಆಯಾ ಜಾಗದಲ್ಲೇ ಚುಚ್ಚಿಡುತ್ತಾರೆ. ವಾಷರುಗಳನ್ನು ತಂತಿಗೆ ಪೋಣಿಸುತ್ತಾರೆ. ಖರ್ಚು ಏನೂ ಇಲ್ಲ. ಉಳಿದ ಕಡೆ ಎಲ್ಲವೂ ಒಂದೇ ಡಬ್ಬಿಗೆ, ಜೊತೆಗೆ ಇನ್ನೊಬ್ಬರ ಗಾಡಿಯದ್ದೂ.

ಹುಡುಗರನ್ನಷ್ಟೇ ಬೈಯುವುದು ಸರಿಯಲ್ಲ. ‘ಬೇಗ ಮಾಡೋ, ಹೊತ್ತಾಯ್ತು’ ಅಂತ ತಲೆ ಮೇಲೆ ನಿಲ್ಲುವವರು ನಾವೇ.

ಬೈಕಾದರೆ ಎಣ್ಣೆ ಸೋರೀತು. ಸೀಲಿಂಗ್ ಫ್ಯಾನಿನ ರಾಡಿಗೆ ಹಾಕುವ ಬೋಲ್ಟಿನ ತುದಿಯ ಸ್ಪ್ಲಿಟ್ ಪಿನ್ ಕಳೆದರೆ, ಅದುರಿ ಅದುರಿ ನಟ್ಟು ಬಿಚ್ಚಿ ಫ್ಯಾನೇ ಕೆಳಗೆ. ಚಾಫ್ ಕಟರಿನ ಬ್ಲೇಡು ಮಸೆದ ಮೇಲೆ ಗಾರ್ಡಿನ ನಟ್ಟು ಸಿಗಲಿಲ್ಲವೆಂದು ಗಾರ್ಡನ್ನೇ ಮೂಲೆಗಿಟ್ಟರೆ, ಮೇವು ಕೊಡುವ ಕೈಗೆ ತಡೆಯೇ ಇಲ್ಲ. ಎತ್ತಿನ ಗಾಡಿ ಹೂಡುತ್ತಿದ್ದವರು ಹೊರಡುವ ಮುಂಚೆ ಕಡಾಣಿ ಮುಟ್ಟಿ ನೋಡುತ್ತಿದ್ದರು.

ಈಗ ನಮ್ಮ ವೃತ್ತಿಯ ಮಾತು. ಅಪಘಾತವಾದರೆ ‘ಬ್ರೇಕ್ ಫೇಲ್’, ‘ತಾಂತ್ರಿಕ ದೋಷ’ ಅಂತ ನಾಲ್ಕು ಸಾಲು ಕಳಿಸಿ ಕೈ ತೊಳೆದುಕೊಳ್ಳುತ್ತೇವೆ. ಗಾಡಿ ಕೊನೆಗೆ ಯಾವಾಗ ಬಿಚ್ಚಿದ್ದು, ಏನು ಹಾಕಿದ್ದು ಅಂತ ಕೇಳಿದ್ದು ನಮಗಂತೂ ನೆನಪಿಲ್ಲ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂದಿನ ಗಾಜು ಆಕಾಶದಲ್ಲೇ ಹಾರಿಹೋಗಿ, ಕ್ಯಾಪ್ಟನ್ ಅರ್ಧ ದೇಹ ಹೊರಗೆ ನೇತಾಡಿದರು. ಸಿಬ್ಬಂದಿ ಅವರನ್ನು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ವಿಮಾನ ಇಳಿಸಿದರು, ಎಲ್ಲರೂ ಉಳಿದರು. ತನಿಖೆ ‘ತಾಂತ್ರಿಕ ದೋಷ’ಕ್ಕೆ ನಿಲ್ಲಲಿಲ್ಲ. ಹೊಸದಾಗಿ ಕೂರಿಸಿದ ಗಾಜಿನ 90 ಬೋಲ್ಟುಗಳಲ್ಲಿ 84ರ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ ವ್ಯತ್ಯಾಸದಲ್ಲಿ ಸಣ್ಣದಿತ್ತು, ಅವನ್ನು ಕಣ್ಣಂದಾಜಿನಲ್ಲಿ ಆರಿಸಲಾಗಿತ್ತು ಎನ್ನುವವರೆಗೆ ಹೋಯಿತು.

ನಮ್ಮ ತಾಲ್ಲೂಕಿಗೆ ಅಷ್ಟು ದೊಡ್ಡ ತನಿಖೆ ಬೇಕಿಲ್ಲ. ಬಿಲ್ ಕೊಡುವಾಗ ‘ಏನಾದರೂ ಉಳಿಯಿತಾ?’ ಅಂತ ಗಿರಾಕಿ ಕೇಳಲಿ. ಉಳಿದಿದ್ದರೆ ಇನ್ನರ್ಧ ಗಂಟೆ ಕಾಯಲಿ. ವರದಿ ಬರೆಯುವ ನಾವು ಇನ್ನೊಂದು ಪ್ರಶ್ನೆ ಹೆಚ್ಚು ಕೇಳೋಣ.

ಮೊನ್ನೆ ಬೈಕನ್ನು ಆ ಹಳೆಯ ಮೇಸ್ತ್ರಿಗೆ ಒಪ್ಪಿಸಿದೆವು. ಜೇಬಿನಲ್ಲಿದ್ದ ಬೋಲ್ಟನ್ನೂ ಕೊಟ್ಟೆವು. ಕವರು ಬಿಚ್ಚಿ ಎಲ್ಲವನ್ನೂ ರಟ್ಟಿಗೆ ಚುಚ್ಚಿ ನೋಡಿದರೆ, ಅದನ್ನು ಸೇರಿಸಿದ ಮೇಲೂ ಒಂದು ಜಾಗ ಖಾಲಿ ಇತ್ತು.