ಒಂದು ಪದವನ್ನು ಹಿಡಿದು ಹೊರಟರೆ



ಕುತೂಹಲವು ಮನುಷ್ಯನಿಗೆ ಹುಟ್ಟಿನೊಡನೆ ಬಂದ ಗುಣ. ನಡೆಯಲು ಕಲಿಯುವುದಕ್ಕೆ ಮುಂಚೆಯೇ ಮಗು ಕೈಗೆ ಸಿಕ್ಕಿದ್ದನ್ನು ತಿರುವಿ ನೋಡುತ್ತದೆ. ಮಾತು ಬಂದ ಕೂಡಲೇ 'ಯಾಕೆ' ಎಂದು ಕೇಳುತ್ತದೆ. ನಮ್ಮ ಧರ್ಮದ ಮಟ್ಟಿಗಂತೂ ಪ್ರಶ್ನೆಗೆ ಹಿರಿಯ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರು, ಮಡಿವಾಳರು, ಮೇದಾರರು, ಮಹಿಳೆಯರು ಒಟ್ಟಾಗಿ ಕುಳಿತು ಕೇಳಿದ, ಹೇಳಿದ, ವಾದಿಸಿದ ಮಾತುಗಳೇ ವಚನ ಸಾಹಿತ್ಯವಾಗಿ ನಮಗೆ ಉಳಿದಿವೆ. ಹೀಗಿರುವಾಗ ಕುತೂಹಲವನ್ನು ಅದುಮುವುದು ನಮ್ಮ ಪರಂಪರೆಗೆ ಒಪ್ಪುವ ಮಾತಲ್ಲ.

ಆದರೂ ಇಂದು ಮನೆಮನೆಯಲ್ಲಿ ಒಂದೇ ದೂರು. ಮಕ್ಕಳು ಮೊಬೈಲಿನಲ್ಲಿ ಮುಳುಗಿದ್ದಾರೆ, ಕರೆದರೆ ಕೇಳಿಸುವುದಿಲ್ಲ, ಊಟದ ಹೊತ್ತು ತಿಳಿಯುವುದಿಲ್ಲ ಎಂದು ತಾಯಂದಿರು ಕೊರಗುತ್ತಾರೆ. ಹಿರಿಯರೂ ಇದಕ್ಕೆ ಹೊರತಾಗಿಲ್ಲವೆಂಬುದನ್ನು ಸಂಕೋಚವಿಲ್ಲದೆ ಒಪ್ಪಬೇಕು. ಒಂದರ ಹಿಂದೆ ಒಂದು ಬರುವ ಚಿತ್ರಗಳನ್ನು ಬೆರಳಿನಿಂದ ಸರಿಸುತ್ತ ಕುಳಿತವರಿಗೆ ಒಂದು ತಾಸು ಕಳೆದ ಮೇಲೆ ಏನು ನೋಡಿದೆವೆಂಬ ನೆನಪೂ ಉಳಿಯುವುದಿಲ್ಲ. ಈ ದೂರು ಸುಳ್ಳಲ್ಲ. ಆದರೆ ಅದೇ ಸಾಧನದೊಳಗೆ, ಅದೇ ಅಂತರ್ಜಾಲದಲ್ಲಿ, ದಾರಿ ತಪ್ಪಿ ಅಲೆದಷ್ಟೂ ಬುತ್ತಿ ತುಂಬುವ ಹಾದಿಗಳೂ ಇವೆ. ಅಂತಹ ಹಾದಿಯೊಂದರಲ್ಲಿ ನಮ್ಮ ಓದುಗ ಕುಟುಂಬಗಳನ್ನು ಈ ತಿಂಗಳು ಜೊತೆಗೆ ಕರೆದೊಯ್ಯಬೇಕೆಂದು ನಮ್ಮ ಅಪೇಕ್ಷೆ. ಹೊರಡುವ ಸ್ಥಳ ದೂರದ್ದಲ್ಲ, ನಮ್ಮ ಹಡಗಲಿ ತಾಲ್ಲೂಕಿನ ಮೈಲಾರವೇ.

ತುಂಗಭದ್ರೆಯ ದಡದ ಈ ಕ್ಷೇತ್ರದಲ್ಲಿ ಭರತ ಹುಣ್ಣಿಮೆಯ ಸಂದರ್ಭದಲ್ಲಿ ನಡೆಯುವ ಜಾತ್ರೆಯನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಕಡೆಯ ಯಾರಿಗೂ ವರ್ಣಿಸಿ ಹೇಳಬೇಕಾಗಿಲ್ಲ. ವ್ರತದಲ್ಲಿದ್ದ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಬಳಿಕ ಅವರ ಬಾಯಿಂದ ಒಂದೇ ಒಂದು ವಾಕ್ಯ ಬರುತ್ತದೆ. ಆ ಒಂದು ವಾಕ್ಯವನ್ನು ಹಿಡಿದು ಮಳೆ, ಬೆಳೆ, ರಾಜಕೀಯ, ರೋಗರುಜಿನಗಳ ಅರ್ಥವನ್ನು ನಮ್ಮ ಜನ ವರ್ಷವಿಡೀ ಹುಡುಕುತ್ತಾರೆ. ಒಂದೇ ಮಾತಿನೊಳಗೆ ಇಳಿದು ದಿನಗಟ್ಟಲೆ ಸಂಚರಿಸುವ ಕಲೆ ನಮಗೆ ಹೊಸದಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ಈಗ ಅಂತರ್ಜಾಲದಲ್ಲಿ 'ಮೈಲಾರ' ಎಂಬ ಪದವನ್ನು ಕನ್ನಡ ಅಕ್ಷರಗಳಲ್ಲೇ ಬರೆದು ಹುಡುಕಿರಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂತಹ ತಾಣಗಳಿಂದ ಹೊರಟರೆ ಮೈಲಾರಲಿಂಗನ ಜೊತೆಗೆ ಖಂಡೋಬನ ಹೆಸರು ಎದುರಾಗುತ್ತದೆ. ಪುಣೆಯ ಸಮೀಪದ ಜೇಜೂರಿಯಲ್ಲಿ ನೆಲೆಸಿ ಮಹಾರಾಷ್ಟ್ರದ ಅಸಂಖ್ಯ ಮನೆಗಳ ಕುಲದೈವವಾಗಿರುವ ಖಂಡೋಬ, ತೆಲಂಗಾಣದ ಕೊಮುರವೆಲ್ಲಿಯ ಮಲ್ಲನ್ನ, ನಮ್ಮ ಮೈಲಾರಲಿಂಗ, ಈ ಮೂವರೂ ಒಂದೇ ದೈವದ ರೂಪಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಜೇಜೂರಿಯಲ್ಲಿಯೂ ಭಕ್ತರು ಎರಚುವ ಅರಿಶಿನಕ್ಕೆ ಭಂಡಾರವೆಂದೇ ಹೆಸರು. ಜರ್ಮನಿಯ ಸೊಂಥೈಮರ್ ಎಂಬ ವಿದ್ವಾಂಸರು 1992ರಲ್ಲಿ ತೀರಿಕೊಳ್ಳುವವರೆಗೂ ಈ ದೈವದ ಹಾಡು, ಕಥೆ, ಜಾತ್ರೆಗಳನ್ನು ಅರಸುತ್ತ ನಮ್ಮ ನಾಡಿನ ಕುರುಬರ, ಧನಗರರ ನಡುವೆ ಸುತ್ತಾಡಿದರು.

ಇಲ್ಲಿ ನಮ್ಮ ಓದುಗರು ಒಂದು ಕ್ಷಣ ನಿಲ್ಲುವಂತಹ ಸಂಗತಿಯೊಂದಿದೆ. ಖಂಡೋಬನಿಗೆ ಇಬ್ಬರು ಮಡದಿಯರು. ಹಿರಿಯಳಾದ ಮ್ಹಾಳಸಾದೇವಿ ಹುಟ್ಟಿದ್ದು ಲಿಂಗಾಯತ ವರ್ತಕನ ಮನೆಯಲ್ಲಿ ಎಂದು ಮರಾಠಿ ಜನಪದರು ಹಾಡುತ್ತಾರೆ. ಕಿರಿಯಳಾದ ಬಾಣಾಯಿ ಧನಗರರ, ಅಂದರೆ ಕುರುಬರ ಮಗಳು. ನಮ್ಮ ಕಡೆಯ ಕಥೆಗಳಲ್ಲಿ ಈ ಇಬ್ಬರಿಗೆ ಗಂಗಿಮಾಳವ್ವ, ಕುರುಬತ್ತೆವ್ವ ಎಂಬ ಹೆಸರುಗಳಿವೆ. ಅಂಗಡಿಯ ಕುಲ, ಕುರಿಹಟ್ಟಿಯ ಕುಲ ಎರಡನ್ನೂ ಒಂದೇ ದೈವದ ಮನೆಯಲ್ಲಿ ಬೀಗರನ್ನಾಗಿ ಮಾಡಿದ ಈ ಕಥೆಯನ್ನು ಕೇಳಿದ ಮೇಲೆ, ಜಾತ್ರೆಯಲ್ಲಿ ಪಕ್ಕದಲ್ಲಿ ನಿಂತವರನ್ನು ನಾವು ನೋಡುವ ಬಗೆಯೇ ಬೇರೆಯಾಗುತ್ತದೆ.

ಅಲ್ಲಿಂದ ಮುಂದೆ ವಚನಗಳ ಕಡೆಗೆ ತಿರುಗೋಣ. ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಆ ಸಂಪುಟಗಳನ್ನು ಎಲ್ಲ ಮನೆಗಳಲ್ಲಿಯೂ ಇಡುವುದು ಕಷ್ಟ. ಇಂದು 'ವಚನ ಸಂಚಯ' ಎಂಬ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿದ್ದು, ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ಯಾವ ವಚನಗಳಲ್ಲಿ ಬಂದಿದೆಯೆಂಬುದು ಕ್ಷಣದಲ್ಲಿ ಕಾಣುತ್ತದೆ. ಸಿರಿಗೆರೆಯ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ವ್ಯಾಕರಣಕ್ಕೆ 'ಗಣಕಾಷ್ಟಾಧ್ಯಾಯೀ' ತಂತ್ರಾಂಶವನ್ನು ರೂಪಿಸಿದವರು. ವಚನಗಳನ್ನೂ ಗಣಕಯಂತ್ರಕ್ಕೆ ಅಳವಡಿಸಿದರು. ನಿಮ್ಮ ಅಡುಗೆಮನೆಯ ಮೊರ, ಒರಳು, ಹೊಲದ ನೇಗಿಲು, ಅಂಗಡಿಯ ತಕ್ಕಡಿ, ಹೀಗೆ ಯಾವುದಾದರೊಂದು ಪದವನ್ನು ಕೊಟ್ಟು ನೋಡಿರಿ. ಹೆಸರು ಕೇಳಿರದ ಶರಣೆಯರ ಪರಿಚಯವಾಗುತ್ತದೆ. ಸೂಳೆ ಸಂಕವ್ವೆಯ ಒಂದೇ ಒಂದು ವಚನ ಉಳಿದಿದೆ. ಆಕೆಯ ಅಂಕಿತ 'ನಿರ್ಲಜ್ಜೇಶ್ವರ'. ಆ ಅಂಕಿತವನ್ನು ಓದಿದವರು ಅದರ ಹಿಂದಿನ ಧೈರ್ಯವನ್ನು ಕುರಿತು ಚಿಂತಿಸದೆ ಮುಂದೆ ಹೋಗಲಾರರು.

ಇದೇ ತಾಣದಲ್ಲಿ ಜಾತ್ರೆಯ ದೈವಗಳ ಹೆಸರುಗಳನ್ನು ಹುಡುಕುವ ಮಕ್ಕಳು ಒಂದು ಕಠಿಣ ಪ್ರಶ್ನೆಯೊಂದಿಗೆ ಮರಳಿ ಬರಬಹುದು. ಇಷ್ಟಲಿಂಗವೊಂದನ್ನೇ ನಂಬಿದ ಶರಣರು ಹಲವು ದೈವಗಳ ಪೂಜೆಯನ್ನು ಕಟುವಾಗಿ ಖಂಡಿಸಿದ್ದಾರೆ. ಹಾಗಾದರೆ ನಾವೇಕೆ ಮೈಲಾರದ ಜಾತ್ರೆಗೆ ಹೋಗುತ್ತೇವೆ? ಈ ಪ್ರಶ್ನೆ ಬಂದಾಗ ಹಿರಿಯರು ಗದರಿ ಸುಮ್ಮನಾಗಿಸಬಾರದೆಂದು ನಮ್ಮ ವಿನಂತಿ. ಶರಣರ ಮಾತು ನಿಷ್ಠೆಯನ್ನು ಕುರಿತದ್ದು. ಜಾತ್ರೆಯು ನೆರೆಹೊರೆಯವರೊಡನೆ ಶತಮಾನಗಳಿಂದ ಹಂಚಿಕೊಂಡು ಬಂದ ಬಾಳು. ಇವೆರಡನ್ನೂ ಒಂದೇ ಮನೆ ಹೇಗೆ ಹೊಂದಿಸಿಕೊಂಡಿತು ಎಂಬುದನ್ನು ಅಜ್ಜ ಅಜ್ಜಿಯರು ತಮ್ಮ ಅನುಭವದಿಂದಲೇ ಹೇಳಲಿ. ಕೆಲವರು ಹೋಗುವುದನ್ನು ಬಿಟ್ಟಿರಬಹುದು, ಕೆಲವರು ಹರಕೆ ಹೊತ್ತು ಹೋಗುತ್ತಿರಬಹುದು. ಎರಡಕ್ಕೂ ಕಾರಣ ಹೇಳಬಲ್ಲವರು ಮನೆಯಲ್ಲಿರುವಾಗ ಮಕ್ಕಳು ಆ ಉತ್ತರಕ್ಕೆ ಅಪರಿಚಿತರನ್ನು ಆಶ್ರಯಿಸಬೇಕಾಗಿಲ್ಲ.

ಇನ್ನೊಂದು ಹಾದಿ ಇತಿಹಾಸದ್ದು. ನಮ್ಮೂರಿನ ಶಾಸನವನ್ನು ಓದಬೇಕೆಂದು ಹೊರಟವರು ಸಾಮಾನ್ಯವಾಗಿ ರೈಸ್ ಸಾಹೇಬರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತೆರೆದು, ನಮ್ಮ ಊರುಗಳು ಅಲ್ಲಿಲ್ಲವೆಂದು ನಿರಾಶರಾಗುತ್ತಾರೆ. ಇದಕ್ಕೆ ಕಾರಣವಿದೆ. ಆ ಸಂಪುಟಗಳು ಮೈಸೂರು ಸಂಸ್ಥಾನದ ಶಾಸನಗಳಿಗಾಗಿ ಸಿದ್ಧವಾದವು. ನಮ್ಮ ತಾಲ್ಲೂಕುಗಳಾದರೋ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದವು. 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಆದ್ದರಿಂದ ಹುಡುಕಬೇಕಾದದ್ದು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಒಂಬತ್ತನೆಯ ಸಂಪುಟವನ್ನು. ಮದರಾಸು ಆಧಿಪತ್ಯದ ಕನ್ನಡ ಶಾಸನಗಳು ಅಲ್ಲಿ ಕನ್ನಡದಲ್ಲೇ ಅಚ್ಚಾಗಿವೆ. ನಿಮ್ಮೂರ ಗುಡಿಯ ಮುಂದಿನ ಕಲ್ಲು ಆ ಪುಟಗಳಲ್ಲಿದ್ದರೆ, ಮಕ್ಕಳಿಗೆ ಅದಕ್ಕಿಂತ ಹಿರಿದಾದ ಪಾಠವಿಲ್ಲ.

ಹಾಗೆಯೇ ಫ್ರಾನ್ಸಿಸ್ ಎಂಬ ಅಧಿಕಾರಿ ಸಿದ್ಧಪಡಿಸಿದ 1904ರ ಬಳ್ಳಾರಿ ಗ್ಯಾಸೆಟಿಯರ್ 'ಇಂಟರ್ನೆಟ್ ಆರ್ಕೈವ್' ಎಂಬ ಉಚಿತ ಗ್ರಂಥಭಂಡಾರದಲ್ಲಿ ದೊರೆಯುತ್ತದೆ. ಅದರಲ್ಲಿ ಮೈಲಾರದ ಜಾತ್ರೆ, ಕಾರ್ಣಿಕಗಳ ಪ್ರಸ್ತಾಪವಿದೆ. 1857ರ ದಂಗೆಯ ಹಿಂದಿನ ವರ್ಷದ ಕಾರ್ಣಿಕದಲ್ಲಿ ಗೆದ್ದಲುಹುಳುಗಳ ಮಾತು ಬಂದಿತ್ತೆಂದು ಜನರು ನೆನೆಯುತ್ತಿದ್ದುದನ್ನೂ ಅದು ದಾಖಲಿಸಿದೆ. 'ಗೊರವ' ಎಂಬ ಪದದ ಮೂಲವನ್ನು ತಿಳಿಯಬೇಕೆನಿಸಿದರೆ 1894ರ ಕಿಟೆಲ್ ನಿಘಂಟು ಅಲ್ಲಿಯೇ ಇದೆ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಶ್ರಮಿಸಿ ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ 'ಅಲರ್' ನಿಘಂಟು 2019ರಿಂದ ಉಚಿತವಾಗಿ ತೆರೆದಿದೆ. ಹಳೆಯ ಶಾಸನಗಳಲ್ಲಿ ಗೊರವನೆಂದರೆ ಶೈವ ತಪಸ್ವಿ ಎಂದು ತಿಳಿದಾಗ, ಕಂಬಳಿ ಹೊದ್ದು ಡಮರು ಹಿಡಿದು ಮನೆಬಾಗಿಲಿಗೆ ಬರುವ ಗೊರವಯ್ಯನಿಗೆ ನೀಡುವ ಹಿಡಿ ಜೋಳಕ್ಕೆ ಎಷ್ಟು ಹಿಂದಿನ ಇತಿಹಾಸವಿದೆಯೆಂದು ಬೆರಗಾಗುತ್ತದೆ.

ಈ ಅಲೆದಾಟದಲ್ಲಿ ಎಚ್ಚರವೂ ಅಗತ್ಯ. ವಾಟ್ಸಪ್ಪಿನಲ್ಲಿ ಹರಿದು ಬರುವ ಸುಂದರವಾದ ಮಾತುಗಳ ತುದಿಗೆ ಯಾರೋ 'ಕೂಡಲಸಂಗಮದೇವ' ಎಂದು ಸೇರಿಸಿ ಬಸವಣ್ಣನವರ ವಚನವೆಂದು ಹಂಚುತ್ತಾರೆ. ಈಗ ಕೇಳಿದೊಡನೆ ಉತ್ತರಿಸುವ ಯಂತ್ರಗಳೂ ಬಂದಿದ್ದು, ಇಲ್ಲದ ವಚನವನ್ನು ತಾವೇ ಹೊಸೆದು ಕೊಡಲೂ ಅವು ಹಿಂಜರಿಯುವುದಿಲ್ಲ. ಹೀಗೆ ಬಂದದ್ದನ್ನು ವಚನ ಸಂಪುಟದಲ್ಲಿ ಹುಡುಕಿ, ಅಂಕಿತವನ್ನೂ ಪಾಠವನ್ನೂ ತಾಳೆ ನೋಡದೆ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಬಾರದು, ಶಾಲೆಯ ಭಾಷಣದಲ್ಲಿ ಹೇಳಿಸಬಾರದು. ಶರಣರು ಆಡದ ಮಾತನ್ನು ಅವರ ಬಾಯಲ್ಲಿ ಇಡುವುದು ಅವರಿಗೆ ಮಾಡುವ ಅಪಚಾರ.

ಇಷ್ಟೆಲ್ಲ ಹುಡುಕಿದ ಮೇಲೆ ಒಂದು ಹಂತದಲ್ಲಿ ಹಾದಿ ನಿಂತುಹೋಗುತ್ತದೆ. ನಿಮ್ಮೂರ ಗೊರವರು ಹಾಡುವ ಹಾಡು, ಅಜ್ಜನಿಗೆ ನೆನಪಿರುವ ಹಳೆಯ ಕಾರ್ಣಿಕಗಳು, ಜಗುಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು ಪೂಜೆಗೊಳ್ಳುವ ತಾಡೋಲೆಯ ಕಟ್ಟು, ಇವು ಬಹುತೇಕ ಅಂತರ್ಜಾಲದಲ್ಲಿ ಸಿಗುವುದಿಲ್ಲ. ಸಿಗದಿರುವುದಕ್ಕೆ ಕಾರಣ ಸರಳ: ಯಾರೂ ಅವನ್ನು ಇನ್ನೂ ಸೇರಿಸಿಲ್ಲ. ನಮ್ಮ ಕೆಲಸ ಆರಂಭವಾಗುವುದು ಇಲ್ಲಿಂದಲೇ.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರನ್ನು ಇಲ್ಲಿ ಸ್ಮರಿಸಬೇಕು. ಮನೆಮಠಗಳಲ್ಲಿ ಅವಿತಿದ್ದ ತಾಡೋಲೆಗಳನ್ನು ಅರಸುತ್ತ ಹೊರಟ ಅವರು ಜೀವನವಿಡೀ ಆ ಹಾದಿಯಿಂದ ಮರಳಲಿಲ್ಲ. 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಪ್ರಕಟಿಸಿದರು, ಮನೆಯನ್ನು ಮಾರಿ ಮುದ್ರಣಾಲಯ ಕಟ್ಟಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ದುಡಿದರು. ಅವರು ತಿಂಗಳುಗಟ್ಟಲೆ ಅಲೆದು ಕೂಡಿಸಿದ್ದು ಇಂದು ನಮ್ಮ ಅಂಗೈಗೆ ಬಂದಿದೆ. ಆ ಋಣವನ್ನು ಓದಿದಷ್ಟರಿಂದಲೇ ತೀರಿಸಲಾಗದು.

ಆದ್ದರಿಂದ ಕುಟುಂಬಗಳಿಗೆ ನಮ್ಮದೊಂದು ಸಲಹೆ. ವಾರಕ್ಕೊಂದು ಸಂಜೆ, ಪೂಜೆ ಮುಗಿದ ಬಳಿಕ, ಮನೆಯ ಹಿರಿಯರು ಒಂದು ಪದವನ್ನು ಕೊಡಲಿ. ಮಕ್ಕಳು ಅದನ್ನು ಹುಡುಕಲಿ, ಒಂದು ತಾಸು ಎಲ್ಲರೂ ಕೂಡಿ ಅಲೆಯಲಿ. ಕಂಡದ್ದನ್ನು ಎಲ್ಲಿ ಕಂಡಿತೆಂಬುದರೊಡನೆ ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಸಿಗದಿದ್ದ ಪದಗಳನ್ನು ಬೇರೆ ಪುಟದಲ್ಲಿ ಬರೆದು, ಅವುಗಳ ಬಗ್ಗೆ ಅಜ್ಜಿ ಹೇಳುವುದನ್ನು ಅದೇ ಮೊಬೈಲಿನಲ್ಲಿ ಧ್ವನಿಮುದ್ರಿಸಲಿ. ಗೊರವಯ್ಯನ ಹಾಡನ್ನು ಅವರ ಒಪ್ಪಿಗೆ ಪಡೆದು ದಾಖಲಿಸಲಿ. ತಾಡೋಲೆಯ ಕಟ್ಟಿದ್ದರೆ ಅದನ್ನು ಹೊಳೆಗೆ ಬಿಡುವುದಾಗಲಿ, ಗರಿಗಳನ್ನು ಬಲವಂತವಾಗಿ ಬಿಡಿಸುವುದಾಗಲಿ ಬೇಡ. ನಮ್ಮ ಜಿಲ್ಲೆಯಲ್ಲೇ ಇರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದಲ್ಲಿ ಬಲ್ಲವರಿದ್ದಾರೆ, ಅವರಿಗೆ ತೋರಿಸಿರಿ.

ದುಡಿದದ್ದನ್ನು ತಾನೊಬ್ಬನೇ ಉಣ್ಣದೆ ಸಮಾಜಕ್ಕೆ ಬಡಿಸುವುದನ್ನು ನಮ್ಮ ಹಿರಿಯರು ದಾಸೋಹವೆಂದರು. ತಿಳಿದದ್ದಕ್ಕೂ ಆ ಮಾತು ಸಲ್ಲುತ್ತದೆ. ನಿಮ್ಮ ಮನೆಯ ಮೊದಲ ಪದ ಯಾವುದು, ಅದು ನಿಮ್ಮನ್ನು ಎಲ್ಲಿಗೆ ಕರೆದೊಯ್ಯಿತು ಎಂಬುದನ್ನು ನಮಗೆ ಬರೆದು ತಿಳಿಸಿರಿ.