ಹನ್ನೊಂದು ಹೆಸರುಗಳ ಮೇಲಿನ ಪಣ

ಇಂಗ್ಲೆಂಡಿನ ಎಫ್.ಎ. ಕಪ್ 1871ರಲ್ಲಿ ಆರಂಭವಾಯಿತು. ರಾಷ್ಟ್ರಮಟ್ಟದ ಫುಟ್‌ಬಾಲ್ ಪಂದ್ಯಾವಳಿಗಳಲ್ಲಿ ಅದಕ್ಕಿಂತ ಹಳೆಯದಿಲ್ಲ. ಅದರ ಒಂದೊಂದು ಸುತ್ತಿಗೂ ಮುನ್ನ ಅಲ್ಲಿನ ಅಭಿಮಾನಿಗಳ ನಡುವೆ ನಡೆಯುವ ಚರ್ಚೆಗೆ ತನ್ನದೇ ಆದ ಸೊಗಸುಂಟು. ಲೀಗ್ ಪಂದ್ಯಗಳಿಂದ ದಣಿದ ಪ್ರಮುಖ ಆಟಗಾರರಿಗೆ ಮ್ಯಾನೇಜರು ಈ ಬಾರಿ ವಿಶ್ರಾಂತಿ ಕೊಡುವರೇ? ವರ್ಷವೆಲ್ಲ ಬೆಂಚಿನ ಮೇಲೆ ಕುಳಿತ ಎರಡನೆಯ ಗೋಲ್‌ಕೀಪರನಿಗೆ ಅವಕಾಶ ದೊರೆಯುವುದೇ? ಮೊಣಕಾಲಿನ ನೋವಿನಿಂದ ಚೇತರಿಸಿಕೊಳ್ಳುತ್ತಿರುವವನು ಕಣಕ್ಕಿಳಿಯುವನೇ? ಆಡುವ ಹನ್ನೊಂದು ಮಂದಿಯ ಹೆಸರು ಪ್ರಕಟವಾಗುವುದು ಆಟಕ್ಕೆ ಸುಮಾರು ಒಂದು ಗಂಟೆ ಮುಂಚೆ. ಅಲ್ಲಿಯವರೆಗೆ ತಂದೆ ಮಕ್ಕಳು, ನೆರೆಹೊರೆಯವರು, ಹಳೆಯ ಗೆಳೆಯರು ತಮ್ಮ ತಮ್ಮ ತಂಡಗಳನ್ನು ಮನಸ್ಸಿನಲ್ಲೇ ಕಟ್ಟುತ್ತಾರೆ, ಕೆಡವುತ್ತಾರೆ. ಇದರಲ್ಲಿ ದೋಷ ಹುಡುಕುವುದು ಅರಸಿಕತನವಾದೀತು.

ದೋಷವು ಹುಟ್ಟುವುದು ಅದರ ಮುಂದಿನ ಮಾತಿನಲ್ಲಿ: “ಹಾಗಾದರೆ ಎಷ್ಟು ಕಟ್ಟೋಣ?”

ಈ ಮಾತಿಗೆ ಇಂದು ಅಲ್ಲಿ ಲಜ್ಜೆಯಿಲ್ಲ. 1960ರ ಕಾಯಿದೆಯ ಬಲದಿಂದ ಬಾಜಿಯ ಅಂಗಡಿಗಳು ಬೀದಿಗೆ ಬಂದವು. 2005ರ ಕಾಯಿದೆಯು ಜಾರಿಗೆ ಬಂದ 2007ರಿಂದ ಬಾಜಿಯ ಜಾಹೀರಾತು ದೂರದರ್ಶನದ ಮೂಲಕ ಮನೆಯ ನಡುಮನೆಗೇ ನುಗ್ಗಿತು. ಆಟಗಾರರ ಎದೆಯ ಮೇಲೂ ಬಾಜಿ ಕಂಪನಿಗಳ ಹೆಸರು ರಾರಾಜಿಸಿತು. ಎದೆಯ ಮೇಲಿನ ಆ ಹೆಸರುಗಳನ್ನು 2025-26ರ ಋತುವಿನ ಕೊನೆಗೆ ತೆಗೆಯುವುದೆಂದು ಪ್ರೀಮಿಯರ್ ಲೀಗ್ ಕ್ಲಬ್ಬುಗಳು 2023ರಲ್ಲಿ ಒಪ್ಪಿದವು. ತೋಳಿನ ಮೇಲಿರುವುದಕ್ಕೆ ಅಡ್ಡಿಯಿಲ್ಲವಂತೆ! ಪಾಪವು ಎದೆಯಿಂದ ತೋಳಿಗೆ ಸರಿದರೆ ಕ್ಷಯವಾಗುವುದೆಂಬ ಸಿದ್ಧಾಂತವನ್ನು ಯಾವ ಶಾಸ್ತ್ರದಿಂದ ಆರಿಸಿದರೋ ತಿಳಿಯದು.

ಬಾಜಿಯನ್ನು ಸಮರ್ಥಿಸುವವರ ಮೊದಲ ವಾದ, ಇದು ಪಗಡೆಯಂತೆ ಕೇವಲ ಅದೃಷ್ಟವಲ್ಲ, ಜ್ಞಾನದ ಫಲ ಎಂಬುದು. ತಂಡದ ಆಯ್ಕೆಯನ್ನು ಬಲ್ಲವನು, ಗಾಯಾಳುಗಳ ಪಟ್ಟಿಯನ್ನು ಓದಿದವನು ಗೆಲ್ಲುತ್ತಾನೆ. ಆದುದರಿಂದ ಇದು ದ್ಯೂತವೇ ಅಲ್ಲ, ಎನ್ನುತ್ತಾರೆ. ಈ ವಾದವನ್ನು ಅಲ್ಲಗಳೆಯುವವು ಬಾಜಿ ಕಂಪನಿಗಳೇ. ಗೆಲ್ಲುತ್ತಲೇ ಹೋಗುವವನ ಖಾತೆಗೆ ಅವು ಮಿತಿ ಹೇರುತ್ತವೆ. ಸೋಲುತ್ತಲೇ ಹೋಗುವವನಿಗೆ ಉಚಿತ ಬಾಜಿಯ ಆಮಿಷವೊಡ್ಡುತ್ತವೆ. ಜ್ಞಾನಿಯನ್ನು ಹೊರಗಟ್ಟಿ ಅಜ್ಞಾನಿಯನ್ನು ಸತ್ಕರಿಸುವ ಈ ಪಾಠಶಾಲೆ ಎಂಥದು? ಒಂದು ವೇಳೆ ಜ್ಞಾನದಿಂದಲೇ ಗೆಲುವು ಎಂದಿಟ್ಟುಕೊಂಡರೂ, ತಿಳಿಯದವನ ಜೇಬಿನಿಂದ ತಿಳಿದವನು ಹಣ ತೆಗೆದುಕೊಂಡಂತಾಯಿತಷ್ಟೆ. ಅದಕ್ಕೆ ಪ್ರತಿಯಾಗಿ ಒಂದು ಹಿಡಿ ಧಾನ್ಯವನ್ನಾಗಲಿ ಒಂದು ಗಜ ಬಟ್ಟೆಯನ್ನಾಗಲಿ ಅವನು ಕೊಟ್ಟಿರುವುದಿಲ್ಲ. (ಸಟ್ಟಾ ವ್ಯಾಪಾರವನ್ನೂ ಇದೇ ಒರೆಗಲ್ಲಿಗೆ ಉಜ್ಜಬೇಕಲ್ಲವೇ ಎಂದು ಯಾರಾದರೂ ಕೇಳಿದರೆ, ಉಜ್ಜಬೇಕು. ಆ ಲೇಖನವನ್ನು ಓದಲು ಅನೇಕ ಮನೆಗಳಲ್ಲಿ ಧೈರ್ಯ ಬೇಕಾದೀತು.)

ಆದರೆ ಹಣದ ಲೆಕ್ಕಕ್ಕಿಂತ ಘೋರವಾದುದು ಭಾವದ ಲೆಕ್ಕ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಅಪಧ್ಯಾನವನ್ನು ಹೆಸರಿಸುತ್ತಾರೆ: ರಾಗದಿಂದಲೋ ದ್ವೇಷದಿಂದಲೋ ಮತ್ತೊಬ್ಬರ ವಧೆ, ಬಂಧನ, ಅಂಗಚ್ಛೇದ ಮೊದಲಾದವುಗಳನ್ನು ಚಿಂತಿಸುವುದು. ಪಂದ್ಯಕ್ಕೆ ಮುನ್ನ ಪಣ ಕಟ್ಟಿದ ಅಭಿಮಾನಿಯ ಅಂತರಂಗವನ್ನು ಈ ಬೆಳಕಿನಲ್ಲಿ ನೋಡಬೇಕು. ಎದುರಾಳಿ ತಂಡದ ಶ್ರೇಷ್ಠ ಆಟಗಾರನು ಅಭ್ಯಾಸದಲ್ಲಿ ಕಾಲು ಉಳುಕಿಸಿಕೊಂಡನೆಂಬ ಸುದ್ದಿ ಬರುತ್ತದೆ. ಪಣ ಕಟ್ಟದವನು “ಅಯ್ಯೋ, ಒಳ್ಳೆಯ ಆಟ ತಪ್ಪಿತಲ್ಲ” ಎಂದಾನು. ಪಣ ಕಟ್ಟಿದವನ ಎದೆಯಲ್ಲಿ ಒಂದು ಕ್ಷಣ ಹರ್ಷದ ಮಿಂಚು ಹಾಯುತ್ತದೆ. ಆ ಕ್ಷಣದಲ್ಲಿ ಅವನು ಯಾರನ್ನೂ ಮುಟ್ಟಿಲ್ಲ; ಒಂದು ಕಾಸನ್ನೂ ಕಳೆದುಕೊಂಡಿಲ್ಲ. ಆದರೂ ಕರ್ಮದ ಆಸ್ರವವಾಯಿತು. ಪರರ ಮೂಳೆಯ ಮುರಿತದಲ್ಲಿ ಲಾಭವನ್ನು ಕಾಣುವ ಕಣ್ಣನ್ನು ಬೆಳೆಸಿಕೊಂಡವನು ನೀರನ್ನು ಸೋಸಿ ಕುಡಿದರೇನು, ಸೂರ್ಯಾಸ್ತಕ್ಕೆ ಮುನ್ನ ಉಂಡರೇನು?

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತವನ್ನು ಇದೇ ಅನರ್ಥದಂಡದ ಪ್ರಕರಣಕ್ಕೆ ಸೇರಿಸಿ, ಕಳವಿಗೂ ಅಸತ್ಯಕ್ಕೂ ಅದು ಆಶ್ರಯವೆಂದಿದ್ದಾರೆ. ಅದಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಚರಿತ್ರೆಯೇ ಭಾಷ್ಯ ಬರೆದಂತಿದೆ. 1962ರ ಡಿಸೆಂಬರಿನಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇ ತಂಡದ ಪೀಟರ್ ಸ್ವಾನ್, ಟೋನಿ ಕೇ, ಡೇವಿಡ್ ಲೇನ್ ಎಂಬ ಮೂವರು ತಮ್ಮ ತಂಡವೇ ಇಪ್ಸ್‌ವಿಚ್‌ಗೆ ಸೋಲುವುದೆಂದು ಪಣ ಕಟ್ಟಿ ಆಡಿದರು. ತಂಡವು 2-0 ಅಂತರದಲ್ಲಿ ಸೋತಿತು. 1965ರಲ್ಲಿ ಮೂವರೂ ಸೆರೆಮನೆ ಸೇರಿದರು. ಇಂಗ್ಲೆಂಡಿನ ಆಟಗಾರ ಕೀರನ್ ಟ್ರಿಪ್ಪಿಯರ್ 2019ರಲ್ಲಿ ಮ್ಯಾಡ್ರಿಡ್‌ಗೆ ಹೋಗುವ ಮುನ್ನ ತನ್ನ ವರ್ಗಾವಣೆಯ ಒಳಸುದ್ದಿಯನ್ನು ಇತರರಿಗೆ ತಿಳಿಸಿ ಬಾಜಿ ನಿಯಮವನ್ನು ಮುರಿದುದಕ್ಕಾಗಿ 2020ರ ಡಿಸೆಂಬರಿನಲ್ಲಿ ಹತ್ತು ವಾರಗಳ ನಿಷೇಧಕ್ಕೂ 70,000 ಪೌಂಡ್ ದಂಡಕ್ಕೂ ಗುರಿಯಾದನು. ಗೆಳೆಯರೊಡನೆ ಆಡಿದ ಒಂದು ಮಾತು, ಅಷ್ಟೆ. ಪಣವು ನಡುವೆ ಬಂದುದರಿಂದ ಅದು ವಿಷವಾಯಿತು.

ಎಲ್ಲಕ್ಕಿಂತ ಮನಸ್ಸನ್ನು ಕಲಕುವುದು ಒಬ್ಬ ಬಡ ಕ್ಲಬ್ಬಿನ ಬದಲಿ ಗೋಲ್‌ಕೀಪರನ ಕಥೆ. 2017ರ ಫೆಬ್ರುವರಿ 20ರಂದು ಸಟನ್ ಯುನೈಟೆಡ್ ಎಂಬ ಚಿಕ್ಕ ತಂಡವು ಎಫ್.ಎ. ಕಪ್ಪಿನ ಐದನೆಯ ಸುತ್ತಿನಲ್ಲಿ ಬಲಿಷ್ಠ ಆರ್ಸೆನಲ್ ತಂಡವನ್ನು ತನ್ನ ಅಂಗಳದಲ್ಲಿ ಎದುರಿಸಿತು. ಅಂತಹ ಕ್ಲಬ್ಬಿನ ಜೀವಮಾನದಲ್ಲಿ ಒಮ್ಮೆ ಬರುವ ಸಂಜೆ ಅದು. ಬೆಂಚಿನ ಮೇಲಿದ್ದ ವೇಯ್ನ್ ಶಾ ಎಂಬ ಸ್ಥೂಲಕಾಯದ ಗೋಲ್‌ಕೀಪರನು ಕ್ಯಾಮೆರಾದ ಮುಂದೆ ಒಂದು ಪೈ ತಿನ್ನುವನೆಂಬುದಕ್ಕೆ ಬಾಜಿ ಕಂಪನಿಯೊಂದು 8ಕ್ಕೆ 1ರ ದರ ಕಟ್ಟಿತ್ತು. ಅವನು ತಿಂದನು; ಜನ ನಕ್ಕರು. ಮರುದಿನ ಅವನು ಕ್ಲಬ್ಬನ್ನು ಬಿಡಬೇಕಾಯಿತು. ಮುಂದೆ ದಂಡವೂ ಎರಡು ತಿಂಗಳ ನಿಷೇಧವೂ ಬಂದವು. ಒಬ್ಬ ಮನುಷ್ಯನ ದೇಹವನ್ನೂ ಹಸಿವನ್ನೂ ಹಾಸ್ಯದ ಸರಕಾಗಿಸಿ ದರ ಬರೆದ ಕಂಪನಿಯು ಮಾತ್ರ ಮುಂದಿನ ಪಂದ್ಯದ ದರಪಟ್ಟಿಯನ್ನು ಎಂದಿನಂತೆ ತೆರೆದಿರಬೇಕು.

ಇದೆಲ್ಲ ಸಾಗರದಾಚೆಯ ಕಥೆ, ಶ್ರಾವಕ ಕುಟುಂಬಗಳಿಗೆ ಇದರಿಂದೇನು ಎಂದು ಕೇಳುವವರು ಲೆಸ್ಟರ್ ನಗರವನ್ನು ನೆನೆಯಬೇಕು. 1988ರಲ್ಲಿ ಪ್ರತಿಷ್ಠೆಗೊಂಡ ಜಿನಾಲಯವು ಆ ನಗರದಲ್ಲಿದೆ. ಅದೇ ನಗರದ ಫುಟ್‌ಬಾಲ್ ತಂಡವು ಲೀಗನ್ನು ಗೆಲ್ಲುವುದಕ್ಕೆ 2015ರಲ್ಲಿ 5000ಕ್ಕೆ 1ರ ದರವಿತ್ತು, 2016ರಲ್ಲಿ ಗೆದ್ದೇಬಿಟ್ಟಿತು. ಐದು ಪೌಂಡು ಕಟ್ಟಿದವನಿಗೆ ಇಪ್ಪತ್ತೈದು ಸಾವಿರ ಎಂಬ ಸುದ್ದಿ ಮನೆಮನೆಯನ್ನೂ ಮುಟ್ಟಿತು. ಅದೇ ವರ್ಷ ಉಳಿದ ತಂಡಗಳ ಮೇಲೆ ಕಟ್ಟಿ ಕಳೆದುಕೊಂಡವರ ಹೆಸರನ್ನು ಯಾವ ಪತ್ರಿಕೆಯೂ ಅಚ್ಚು ಮಾಡಲಿಲ್ಲ. ಇತ್ತ ಬೆಂಗಳೂರಿನಲ್ಲಿಯೂ ಬೆಳಗಾವಿಯಲ್ಲಿಯೂ ಆ ಪಂದ್ಯಗಳು ಮಕ್ಕಳ ಕೈಯ ಫೋನಿನೊಳಗೆ ಬರುತ್ತಿವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದು ಸ್ವಾಗತಾರ್ಹ. ಆದರೆ ಗೆಳೆಯರ ನಡುವೆ ಕೈಯಿಂದ ಕೈಗೆ ದಾಟುವ ನೂರು ರೂಪಾಯಿಯನ್ನು ಯಾವ ಕಾಯಿದೆ ಕಂಡೀತು? ಪಾಠಶಾಲೆಗಳಲ್ಲಿ ದ್ಯೂತಕ್ಕೆ ಇಂದಿಗೂ ಯುಧಿಷ್ಠಿರನ ಉದಾಹರಣೆಯೊಂದನ್ನೇ ಹೇಳಿ ಮುಗಿಸುತ್ತಾರೆ. ರಾಜ್ಯವನ್ನು ಪಣವಿಡುವ ಸಂದರ್ಭ ತನಗೆ ಬಾರದೆಂದು ಹದಿನಾರರ ಹುಡುಗನಿಗೆ ಚೆನ್ನಾಗಿ ಗೊತ್ತು. ಅವನಿಗೆ ಪೈ ತಿಂದ ಗೋಲ್‌ಕೀಪರನ ಕಥೆಯನ್ನೂ ಹೇಳಬೇಕು.

ಟ್ರಸ್ಟುಗಳ ವಿಷಯಕ್ಕೆ ಬಂದರೆ ಮಾತು ಇನ್ನೂ ಕಹಿ. ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗಿಟ್ಟರು. ಅಭಿಷೇಕದ ಕಲಶಕ್ಕೆ ಸವಾಲು ಏರುವಾಗ ಸಭೆಯು ಮೊತ್ತವನ್ನು ಕೇಳಿ ಜಯಕಾರ ಹಾಕುತ್ತದೆ. ಹಣದ ಮೂಲವನ್ನು ಕೇಳುವವರಿಲ್ಲ. ಬಾಜಿಯಿಂದ ಬಂದುದೆಂದು ತಿಳಿದ ಹಣವನ್ನು ಕಲಶಕ್ಕಾಗಲಿ ಆಹಾರದಾನಕ್ಕಾಗಲಿ ಸ್ವೀಕರಿಸುವುದಿಲ್ಲವೆಂದು ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ಮುಂದಿನ ವಾರ್ಷಿಕ ಸಭೆಯಲ್ಲಿ ಠರಾವು ಮಂಡಿಸಲಿ. ವಿರೋಧಿಸುವವರಿದ್ದರೆ ಅವರ ಹೆಸರೂ ಅವರು ಕೊಟ್ಟ ಕಾರಣವೂ ನಡವಳಿ ಪುಸ್ತಕದಲ್ಲಿ ದಾಖಲಾಗಲಿ.