ಹೊಟ್ಟಿ ಅಕಿದು, ಸಹಿ ಯಾರದು?

ಅಕ್ಕಾರೆ, ವೈನ್ಯಾರೆ, ಇವತ್ತ ಶೇಂಗಾ ಹಿಂಡಿ ಮಾತಿಲ್ಲ, ಹಪ್ಪಳದ ಮಾತಿಲ್ಲ. ಸಿಟ್ಟಿನ ಮಾತದ. ಓದಿದ ಮ್ಯಾಲ ಬೈಬೇಕನಿಸಿದ್ರ ಫೋನ್ ಹಚ್ಚಿ ಬೈರಿ.

ನನ್ನ ಸಣ್ಣ ತಂಗಿಗಿ ಅಫಜಲಪುರ ಕಡಿ ಕೊಟ್ಟೀವಿ. ಮೂರು ಮಕ್ಕಳು. ಗಂಡ ಪುಣೆದಾಗ ಬಿಲ್ಡಿಂಗ್ ಕೆಲಸಕ್ಕ ಇರ್ತಾನ. ಕಾಪರ್-ಟಿ ಹಾಕಿಸ್ಕೊಂಡಿದ್ರೂ ಮುಟ್ಟು ನಿಂತು. "ಬ್ಯಾಡಕ್ಕ, ಇನ್ನೊಂದು ನನ್ನ ಮೈ ತಡಿಯಲ್ಲ" ಅಂದಳು. ಆರು ವಾರಕ್ಕೇ ದವಾಖಾನಿಗಿ ಹೋದಳು. ಅಲ್ಲಿ ಏನಂದ್ರು? "ಗಂಡನ್ನ ಕರ್ಕೊಂಡು ಬಾ, ಸಹಿ ಬೇಕು." ಅಂವ ಬರಾದು ದೀಪಾವಳಿಗಿ! ಕಾದಳು, ಕಾದಳು, ಹನ್ನೊಂದು ವಾರ ಆಯ್ತು. ಕಡಿಗಿ ಯಾರೋ ತಂದುಕೊಟ್ಟ ಗುಳಗಿ ನುಂಗಿದಳು. ಮೂರು ದಿನ ರಕ್ತ ನಿಲ್ಲಲಿಲ್ಲ. ರಾತ್ರಿ ಎರಡು ಗಂಟೆಕ್ಕ ಕ್ರೂಸರ್‌ದಾಗ ಮಲಗಿಸಿ ಕಲಬುರಗಿಗಿ ಒಯ್ದೀವಿ. ಎರಡು ಬಾಟಲಿ ರಕ್ತ ಏರಿಸಿದ್ರು. ಉಳಿದಳು.

ಆ ಗಂಡನ ಸಹಿ ಅಂಬೋದು ಕಾನೂನಿನಾಗ ಇಲ್ಲೇ ಇಲ್ಲ, ಗೊತ್ತೇನ್ರಿ? ಗರ್ಭಪಾತದ ಕಾಯ್ದೆ ಬಂದಿದ್ದು 1971ರಾಗ. ಅವತ್ತಿನಿಂದ ಇವತ್ತಿನ ತನಕ, 18 ತುಂಬಿದ ಹೆಣ್ಮಗಳ ಒಪ್ಪಿಗಿ ಒಂದೇ ಸಾಕು. ಅದಕ್ಕಂತ ಫಾರ್ಮ್ ಸಿ ಅಂತ ಒಂದು ಹಾಳಿ ಅದ. ಅದರಾಗ ಅಕಿ ಸಹಿ ಮಾಡಬೇಕು, ಇಲ್ಲಾ ಹೆಬ್ಬಟ್ಟು ಒತ್ತಬೇಕು. ಅತ್ತಿ, ಮಾವ, ಗಂಡ ಯಾರ ಸಹಿನೂ ಬ್ಯಾಡ.

2021ರಾಗ ಕಾಯ್ದೆ ತಿದ್ಯಾರ. 20 ವಾರದ ತನಕ ಒಬ್ಬರೇ ಡಾಕ್ಟರ್ ಹೂಂ ಅಂದ್ರ ಆಯ್ತು. 24 ವಾರದ ತನಕ ಇಬ್ಬರು ಬೇಕು, ಅದೂ ಎಲ್ಲರಿಗಿ ಅಲ್ಲ: ಅತ್ಯಾಚಾರ ಆದಾಕಿ, 18 ತುಂಬದ ಹುಡುಗಿ, ಹೊಟ್ಟಿಲಿದ್ದಾಗೇ ಗಂಡ ಸತ್ತಾಕಿ, ಸೋಡಚೀಟಿ ಆದಾಕಿ, ಹೀಂಗ. ಹೆಸರು ಹೊರಗ ಹಾಕಿದ ಡಾಕ್ಟರ್‌ಗಿ ಒಂದು ವರ್ಷದ ತನಕ ಜೈಲು ಆಗಬಹುದು. 2022ರ ಸೆಪ್ಟೆಂಬರ್ 29ಕ್ಕ ಸುಪ್ರೀಂ ಕೋರ್ಟ್, ಮದಿವಿ ಆಗದಾಕಿಗೂ ಇದೇ ಹಕ್ಕು ಅಂತು. ಗಂಡನೇ ಜುಲುಮಿ ಮಾಡಿದ್ರೂ ಈ ಕಾಯ್ದೆ ಮಟ್ಟಿಗಿ ಅದು ಅತ್ಯಾಚಾರನೇ ಅಂತು. (ನಮ್ಮ ಹಿರ್ಯಾರ ಮುಂದ ಇದನ್ನ ಓದಿ ಹೇಳೋ ಧೈರ್ಯ ನನಗೂ ಇಲ್ಲ.) ಡಾಕ್ಟರ್ ಒಪ್ಪಿದ್ರೇ ಆಗ್ತದ ಅಂಬೋದು ನನಗ ಸೇರಂಗಿಲ್ಲ, ಆದ್ರ ಅದು ಬ್ಯಾರೆ ಜಗಳ.

ಪಾಪ ಅಂತೀರಿ. ಆಯ್ತು. ಎರಡು ಹೆಣ್ಣು ಹಡದಾಕಿನ್ನ ಕದ್ದು ಸ್ಕ್ಯಾನಿಂಗ್‌ಗಿ ಎಳಕೊಂಡು ಹೋಗುವಾಗ ಈ ಪಾಪ ಎಲ್ಲಿ ಕುಂತಿರ್ತದ? 2023ರಾಗ ಮಂಡ್ಯ ಕಡಿ ಆಲೆಮನಿದಾಗ ಮಷಿನ್ ಇಟ್ಟು ಹೆಣ್ಣೋ ಗಂಡೋ ನೋಡ್ತಿದ್ದದ್ದು ಸಿಕ್ಕಿಬಿತ್ತು. 1994ರ ಕಾಯ್ದೆ ಪ್ರಕಾರ ಅದು ಗುನ್ಹೆ. ಮನೆತನಕ್ಕ ಬ್ಯಾಡಾದ್ರ ರಾತ್ರೋರಾತ್ರಿ ಗಾಡಿ ಸಿಗ್ತದ, ಅಕಿಗಿ ಬ್ಯಾಡಾದ್ರ ಪಾಪ. ನನ್ನ ಜಗಳ ಇದೇ.

ಬೆಳಗಾವಿ ಸವಿತಾ ಹಾಲಪ್ಪನವರ ನೆನಪದಾಳೇನ್ರಿ? ಹಲ್ಲಿನ ಡಾಕ್ಟರು. ಐರ್ಲೆಂಡಿನಾಗ 17 ವಾರಕ್ಕ ಗರ್ಭ ಜಾರ್ತಿತ್ತು. ತೆಗೀರಿ ಅಂತ ಬೇಡ್ಕೊಂಡ್ರೂ ಕೂಸಿನ ಎದಿ ಬಡಕೊಳ್ಳಾಕತ್ತದ ಅಂತ ತೆಗಿಲಿಲ್ಲ. ಮೈಗೆಲ್ಲ ನಂಜೇರಿ 2012ರ ಅಕ್ಟೋಬರ್ 28ಕ್ಕ ಸತ್ತಳು. ಅಕಿ ಫೋಟೊ ಹಿಡಕೊಂಡು ಅಲ್ಲಿನ ಮಂದಿ ಬೀದಿಗಿ ಇಳಿದ್ರು, 2018ರಾಗ ಓಟು ಹಾಕಿ ಸಂವಿಧಾನನೇ ಬದಲ ಮಾಡಿದ್ರು. ನಮ್ಮ ಹುಡುಗಿ ಸತ್ತು ಅವರಿಗಿ ಕಾನೂನು ಬಂತು. ನಮಗ ಅದಕ್ಕೂ 41 ವರ್ಷ ಮೊದಲೇ ಬಂದದ, ದವಾಖಾನಿ ಹೊಸ್ತಿಲ ದಾಟವಲ್ಲದು.

16ಕ್ಕೇ ಮದಿವಿ ಮಾಡಿದ ಹುಡುಗ್ಯಾರದು ಇನ್ನೂ ಕಷ್ಟ. ಪೋಷಕರ ಸಹಿ ಬೇಕು, ಪೊಲೀಸರಿಗೂ ತಿಳಿಸಬೇಕು. ಕೇಸ್ ಆಗ್ತದಂತ ಮುಚ್ಚಿಡ್ತಾರ. ಆದ್ರ ಹುಡುಗಿ ಮತ್ತ ಪೋಷಕರು ಕೇಳಿಕೊಂಡ್ರ ಪೊಲೀಸರಿಗಿ ಹೆಸರು ಹೇಳಬೇಕಿಲ್ಲ ಅಂತನೂ ಅದೇ 2022ರ ತೀರ್ಪಿನಾಗ ಅದ.

ತಂಗಿ ಗಂಡ ದೀಪಾವಳಿಗಿ ಬಂದಿದ್ದ. "ನಾ ಫೋನಿನಾಗ ಹೂಂ ಅಂದಿದ್ನೆಲ್ಲ ವೈನಿ" ಅಂತ ತಲಿ ತಗ್ಗಿಸಿ ಕುಂತ. ಅಂವಗ ಏನು ಬೈಲಿ? ಫಾರ್ಮ್ ಸಿ ಹತ್ತು ಝೆರಾಕ್ಸ್ ಮಾಡಿಸಿ ಇಟ್ಟೀನಿ. ಜೇವರ್ಗಿ ಅಕ್ಕ ಎರಡು ಒಯ್ದಾಳ. ಆಳಂದದಾಕಿ ಕೇಳ್ಯಾಳ, ಜಾತ್ರಿಗಿ ಬಂದಾಗ ಕೊಡ್ತೀನಿ.